ಬಸ್ಸು ಕಾಣದವರು ಬರೆದ ಸಂವಿಧಾನ

ನಮ್ಮ ರಾಜ್ಯದಲ್ಲಿ ಸಂವಿಧಾನದ ಮೊಕದ್ದಮೆ ನಡೆಸುವ ವಕೀಲರಲ್ಲಿ ಪ್ರೊ. ಆಡ್ರಾ ವೆಸ್ಟರ್‌ಗಾರ್ಡ್ ಅವರ ತರಗತಿಯಲ್ಲಿ ಕೂತು ಕಲಿಯದವರು ಕಡಿಮೆ. ಹಾಗೆ ಕಲಿಯದೆ ಉಳಿದವರು ಅವರ ಎದುರು ವಾದಿಸಿ, ಸೋತು, ಕಲಿತವರು. ಅಮೆರಿಕದ ಸಂವಿಧಾನ ಕಾನೂನಿನ ಬಗ್ಗೆ ಅವರು ಬರೆದ ಗ್ರಂಥಗಳ ತೂಕವನ್ನು, ರಾಜ್ಯ ಕಾನೂನು ಕಾಲೇಜಿಗೆ ಅವರು ತಂದ ಹೆಸರನ್ನು ಈ ಸಂಪುಟದ ವಿದ್ವಾಂಸರು ನನಗಿಂತ ಚೆನ್ನಾಗಿ ವಿವರಿಸಿದ್ದಾರೆ. ನಾನು ಟ್ಯಾಮರಾಕ್ ಕಣಿವೆಯ ಕಾರ್ಬಿನ್ ಫೆರಿಯಲ್ಲಿ ಉಯಿಲು, ವಿಚ್ಛೇದನ, ಬೇಲಿ ಜಗಳ ನೋಡಿಕೊಂಡಿರುವ ಊರ ವಕೀಲ. ಅವರ ಪಕ್ಕದಲ್ಲಿ ಎರಡು ಮೊಕದ್ದಮೆಗಳಿಗೆ ಕೂತಿದ್ದೆ ಎಂಬುದಷ್ಟೇ ಇಲ್ಲಿ ಬರೆಯಲು ನನಗಿರುವ ಅರ್ಹತೆ. ಮೊದಲನೆಯದನ್ನು ಗೆದ್ದೆವು. ಎರಡನೆಯದನ್ನು ಸೋತೆವು. ಅಭಿನಂದನ ಗ್ರಂಥದಲ್ಲಿ ಗೆಲುವನ್ನು ಬರೆದು ಸೋಲನ್ನು ಬಿಡುವುದು ವಾಡಿಕೆಯಾದರೂ, ಹಾಗೆ ಮಾಡಿದರೆ ಈ ಪುಟಗಳನ್ನು ಮೊದಲು ಹರಿದುಹಾಕುವವರು ಅವರೇ.

ಕಾಗದದ ಕಾರ್ಖಾನೆ ಮುಚ್ಚಿದ ಮೇಲೆ ನಮ್ಮ ಕಣಿವೆಯ ಮನೆಗಳ ಬೆಲೆ ಬಿದ್ದುಹೋಯಿತು. ಮನೆ ತೆರಿಗೆಯಿಂದಲೇ ನಡೆಯುವ ಶಾಲೆಯೂ ಅದರೊಂದಿಗೆ ಬಿತ್ತು. ಚಳಿಗಾಲ ಮುಗಿದು ಹಿಮ ಕರಗುವಾಗ ಮೂರನೆಯ ತರಗತಿಯ ಮಕ್ಕಳು ಮೇಜಿನ ಮೇಲೆ ಪುಸ್ತಕ, ಮೇಜಿನ ಪಕ್ಕದಲ್ಲಿ ಬಕೆಟ್ಟು ಇಟ್ಟುಕೊಂಡು ಓದುತ್ತಿದ್ದರು. ಅದೇ ಹೊತ್ತಿನಲ್ಲಿ ಬೆಟ್ಟದಾಚೆಯ ಸಿರಿವಂತ ಊರಿನ ಶಾಲೆಯಲ್ಲಿ ಈಜುಕೊಳಕ್ಕೆ ಗಾಜಿನ ಮಾಡು ಹಾಕಿಸುತ್ತಿದ್ದರು. ನಮ್ಮ ರಾಜ್ಯದ ಸಂವಿಧಾನದಲ್ಲಿ, ಕುದುರೆಗಾಡಿಯ ಕಾಲದಲ್ಲಿ ಬರೆದಿಟ್ಟ ಒಂದು ಮಾತಿದೆ: ಶಾಸನಸಭೆಯು ಎಲ್ಲ ಮಕ್ಕಳಿಗೂ ಏಕರೂಪದ ಉಚಿತ ಶಾಲೆಗಳನ್ನು ನಡೆಸತಕ್ಕದ್ದು. ಆ ಮಾತನ್ನು ನಂಬಿ ನಾನು ಕಾಲೇಜಿಗೆ ಒಂದು ಫೋನು ಮಾಡಿದೆ. ಸಹಾಯಕರನ್ನು ಕಳಿಸುತ್ತಾರೆ ಎಂದುಕೊಂಡಿದ್ದೆ, ಪ್ರೊ. ವೆಸ್ಟರ್‌ಗಾರ್ಡ್ ತಾವೇ ಹಳೆಯ ಕಾರಿನಲ್ಲಿ ಹಿಮದ ದಾರಿ ಹಿಡಿದು ಬಂದರು. ಅಂದು ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರ ಜೊತೆ ಆಲೂಗಡ್ಡೆ ಕಡುಬು ತಿಂದರು, ತಟ್ಟೆ ತೊಳೆದರು. ಊರು ಬಿಡುವ ಹೊತ್ತಿಗೆ ಹನ್ನೊಂದು ಮಂದಿ ತಾಯಂದಿರ ಹೆಸರು ಅವರ ಬಾಯಿಯಲ್ಲಿತ್ತು.

ಸಂವಿಧಾನ ಎಂದರೇನು ಎಂಬುದಕ್ಕೆ ಅವರದೇ ಒಂದು ನಂಬಿಕೆಯಿತ್ತು. ಅದು ಒಂದು ತಲೆಮಾರು ಮುಂದಿನ ಎಲ್ಲ ತಲೆಮಾರುಗಳಿಗೆ ಕೊಟ್ಟ ಮಾತು; ಕೊಟ್ಟವರು ಕಲ್ಪಿಸಿಕೊಳ್ಳದ ಕಷ್ಟ ಬಂದಾಗಲೂ ಆ ಮಾತು ನಡೆಯಬೇಕು. ಇದಕ್ಕೆ ಎದುರಾದ ಇನ್ನೊಂದು ನಂಬಿಕೆಯೂ ಇದೆ, ಅದನ್ನು ಹಿಡಿದವರು ಮೂರ್ಖರೂ ಅಲ್ಲ, ಕೆಟ್ಟವರೂ ಅಲ್ಲ. ಬರೆದವರ ಕಾಲದ ಅರ್ಥಕ್ಕೆ ಕಟ್ಟುಬೀಳದಿದ್ದರೆ ಏಳು ನ್ಯಾಯಾಧೀಶರು ಏಳು ರಾಜರಾಗಿಬಿಡುತ್ತಾರೆ ಎಂದು ಅವರು ಹೇಳುತ್ತಾರೆ. ನಮ್ಮ ವರಿಷ್ಠ ನ್ಯಾಯಾಲಯದ ಏಳರಲ್ಲಿ ನಾಲ್ವರು ಆಗ ಈ ಎರಡನೆಯ ನಂಬಿಕೆಯವರು.

ದೊಡ್ಡ ವಾದಕ್ಕೆ ಮುಂಚೆ ಕಾಲೇಜಿನಲ್ಲಿ ಅಣಕು ನ್ಯಾಯಾಲಯ ಕೂರುವುದು ಪದ್ಧತಿ. ಒಬ್ಬೊಬ್ಬರು ಒಬ್ಬೊಬ್ಬ ನ್ಯಾಯಮೂರ್ತಿಯಾಗಿ ಕೂತು, ಅವರು ಕೇಳಬಹುದಾದ್ದನ್ನು ಮೊದಲೇ ಕೇಳಿ ವಾದಿಸುವವರನ್ನು ಹಣ್ಣುಮಾಡುತ್ತಾರೆ. ನನ್ನ ಪಾಲಿಗೆ ಬಂದವರು ನ್ಯಾ. ರೋಲೆಂಡ್ ಟೀಗ್. ಆ ನಾಲ್ವರಲ್ಲಿ ಅತ್ತಿತ್ತ ವಾಲಬಹುದಾದವರು ಅವರೊಬ್ಬರೇ.

“ಪ್ರೊಫೆಸರ್, ನಿಮ್ಮ ಸಮಾನತೆ ಕೇಳೋಕೆ ಬಹಳ ಚೆನ್ನಾಗಿದೆ. ಅದನ್ನ ಈ ಕಾಗದದಲ್ಲಿ ಯಾರು ಬರೆದ್ರು, ಯಾವಾಗ ಬರೆದ್ರು, ಸ್ವಲ್ಪ ತೋರ್ಸಿ” ಎಂದು ಟೀಗ್ ಅವರ ಧಾಟಿಯಲ್ಲೇ ಕೇಳಿದೆ.

“ಸಂವಿಧಾನ ಸತ್ತವರ ಉಯಿಲಲ್ಲ, ಮಹಾಸ್ವಾಮಿ.”

“ಉಯಿಲಿನ ವಿಷ್ಯ ನನಗೆ ಬಿಡಿ, ಅದು ನನ್ನ ಹೊಟ್ಟೆಪಾಡು.”

ಎಲ್ಲರೂ ನಕ್ಕರು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಲೊರೆಟ್ಟಾ ಪಿಕೆಟ್ ಮಾತ್ರ ನಗಲಿಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದ ಆಕೆ ನಮ್ಮ ಮೊದಲ ಅರ್ಜಿದಾರಳು. ಬಕೆಟ್ಟಿನ ಪಕ್ಕ ಕೂತು ಓದುವವರಲ್ಲಿ ಆಕೆಯ ಕೊನೆಯ ಮಗನೂ ಒಬ್ಬ.

“ಅಲ್ಲಾ ಪ್ರೊಫೆಸರ್ರೇ, ಆ ನಾಲ್ಕು ಜನಕ್ಕೆ ಯಾವ ಹಾಡು ಬೇಕು ಅಂತ ನಿಮಗೆ ಗೊತ್ತು. ಅದನ್ನೇ ಹಾಡಿಬಿಡಿ, ಅತ್ಲಾಗೆ.”

“ಆ ಹಾಡು ನನ್ನದಲ್ಲ, ಲೊರೆಟ್ಟಾ.”

“ಸೋರೋ ಸೂರೂ ನಿಮ್ಮದಲ್ಲ.”

ಪ್ರೊ. ವೆಸ್ಟರ್‌ಗಾರ್ಡ್ ಮರುದಿನವೇ ತಮ್ಮ ವಾದಪತ್ರವನ್ನು ಬದಿಗಿಟ್ಟು, ತಮಗೆ ನಂಬಿಕೆಯಿಲ್ಲದ ದಾರಿಯಲ್ಲಿ ಹೊಸದನ್ನು ಬರೆಯಲು ಕೂತರು. ಆ ಬೇಸಿಗೆಯಿಡೀ ವಿದ್ಯಾರ್ಥಿಗಳೊಂದಿಗೆ ರಾಜ್ಯದ ಹಳೆಯ ಕಡತಗಳ ಕೋಣೆಯಲ್ಲಿದ್ದು, ಸಂವಿಧಾನ ಬರೆದವರು ಶಾಲೆ ಎಂದಾಗ ಏನನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೆಂದು ಹುಡುಕಿದರು. ಒಲೆ, ಕಪ್ಪುಹಲಗೆ, ಒಬ್ಬ ಗುರು, ಮಳೆ ಹಿಮ ತಡೆಯುವ ಮಾಡು: ಅಷ್ಟು ಸಿಕ್ಕಿತು. ಹುಡುಕಿದವರಲ್ಲಿ ಎಲ್ಲರಿಗಿಂತ ಚುರುಕಾಗಿದ್ದವನು ಪೆರಿನ್ ಗ್ಯಾಲೋವೇ ಎಂಬ ವಿದ್ಯಾರ್ಥಿ. ಈ ಮಾರ್ಗದಲ್ಲಿ ಅವನಿಗೆ ಮನಃಪೂರ್ವಕ ನಂಬಿಕೆಯಿತ್ತು, ಅವರಿಗೆ ಇರಲಿಲ್ಲ. ಆದರೂ ಅವರು ಅವನಿಗೆ ಕಡಿಮೆ ಕಲಿಸಲಿಲ್ಲ.

ಮೂರರ ಎದುರು ನಾಲ್ಕು ಮತಗಳಿಂದ ಗೆದ್ದೆವು. ನಾಲ್ಕನೆಯ ಮತ ಟೀಗ್ ಅವರದು, ತೀರ್ಪು ಬರೆದವರೂ ಅವರೇ. ಸಂವಿಧಾನ ಬರೆದವರು ತಮ್ಮ ಕಾಲದಲ್ಲಿ ಯಾವುದನ್ನು ಶಾಲೆಯ ಭಾಗವೆಂದು ತಿಳಿದಿದ್ದರೋ ಅದನ್ನು ರಾಜ್ಯ ಪ್ರತಿ ಮಗುವಿಗೂ ಕೊಡಲೇಬೇಕು ಎಂಬುದು ಅದರ ತಿರುಳು. ಆ ವಾಕ್ಯ ಪ್ರೊ. ವೆಸ್ಟರ್‌ಗಾರ್ಡ್ ಅವರ ವಾದಪತ್ರದಿಂದ ಅಕ್ಷರಶಃ ಎತ್ತಿಕೊಂಡದ್ದು. ಊರಿಗೆ ಊರೇ ಕುಣಿಯುತ್ತಿದ್ದಾಗ ಅವರು ಕಾಫಿ ಅಂಗಡಿಯ ಮೂಲೆಯಲ್ಲಿ ಆ ಪುಟವನ್ನೇ ನೋಡುತ್ತ ಕೂತಿದ್ದರು.

“ಗೆದ್ವಲ್ಲ, ಮುಖ ಯಾಕೆ ಹೀಗೆ?” ಎಂದೆ.

“ತಿಳಿದಿದ್ದನ್ನ ಕೊಡಬೇಕು ಅಂತ ಬರೆದೆ, ಎಮೆಟ್. ಅವರು ತಿಳಿದೇ ಇರದಿದ್ದನ್ನ ಏನ್ ಮಾಡೋದು?”

“ಪೈ ತಣ್ಣಗಾಗ್ತಾ ಇದೆ, ತಿನ್ನಿ” ಎಂದೆ.

ಶಾಲೆಗೆ ಹೊಸ ಸೂರು ಬಂತು. ಅದರ ಜೊತೆ ತೆರಿಗೆಯೂ ಏರಿತು. ನಮ್ಮಲ್ಲಿ ನ್ಯಾಯಮೂರ್ತಿಗಳನ್ನು ಚುನಾವಣೆಯಲ್ಲಿ ಗೆದ್ದು ಬಂದ ರಾಜ್ಯಪಾಲರು ನೇಮಿಸಿದರೂ, ಎಂಟು ವರ್ಷಕ್ಕೊಮ್ಮೆ ಅವರು ಇರಬೇಕೇ ಬೇಡವೇ ಎಂದು ಮತದಾರರು ಹೇಳಬೇಕು. ನಿಮ್ಮ ಜೇಬಿಗೆ ಕೈಹಾಕಿದ ನ್ಯಾಯಾಧೀಶ ಎಂಬ ಫಲಕಗಳು ರಾಜ್ಯದ ಎಲ್ಲ ಮನೆಗಳ ಮುಂದಿನ ಹುಲ್ಲುಹಾಸುಗಳಲ್ಲೂ ಎದ್ದವು, ನಮ್ಮ ಕಣಿವೆಯವೂ ಸೇರಿ. ಬರೆದದ್ದನ್ನು ಬರೆದಂತೆಯೇ ಓದಬೇಕೆಂದು ಜೀವನವಿಡೀ ಹೇಳಿದ ಟೀಗ್, ಹಾಗೆ ಓದಿದ್ದಕ್ಕೇ ಮನೆಗೆ ಹೋದರು. ಅವರ ಜೊತೆಯವರು ಯಾರೂ ಅವರ ಕಚೇರಿಯ ಕಡೆ ಸುಳಿಯಲಿಲ್ಲ. ಅಲ್ಲಿ ಹೋಗಿ ಅವರ ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗಳಿಗೆ ತುಂಬಿಸಿದವರು, ಇಪ್ಪತ್ತು ವರ್ಷ ಅವರ ತೀರ್ಪುಗಳನ್ನು ಟೀಕಿಸುತ್ತಲೇ ಬಂದಿದ್ದ ಪ್ರೊ. ವೆಸ್ಟರ್‌ಗಾರ್ಡ್. ಮುಂದಿನ ವರ್ಷ ಕಾಲೇಜಿನಲ್ಲಿ ಅವರಿಗೊಂದು ತರಗತಿ ಕೊಡಿಸಿದವರೂ ಇವರೇ. ನಾನು ಕಂಡ ಇವರ ಅನೇಕ ಒಳ್ಳೆಯತನಗಳಲ್ಲಿ ನನಗೆ ದೊಡ್ಡದೆನಿಸುವುದು ಇದು.

ಅಷ್ಟರಲ್ಲಿ ಶಾಸನಸಭೆಗೆ ಏಕರೂಪ ಎಂಬ ಪದ ಬಹಳ ಹಿಡಿಸಿಬಿಟ್ಟಿತು. ಸಣ್ಣ ಊರುಗಳ ಶಾಲೆಗಳನ್ನು ಒಂದೊಂದಾಗಿ ಮುಚ್ಚಿ, ಬೆಟ್ಟದಾಚೆ ಹ್ಯಾಡ್ಲಿಯಲ್ಲಿ ಎಲ್ಲರಿಗೂ ಒಂದೇ ದೊಡ್ಡ ಶಾಲೆ ಕಟ್ಟಿದರು. ನಮ್ಮ ಹೊಸ ಸೂರಿನ ಕೆಳಗೆ ಈಗ ಪಂಚಾಯಿತಿಯ ಹಿಮ ತಳ್ಳುವ ಗಾಡಿಗಳು ನಿಲ್ಲುತ್ತವೆ. ಮೊದಮೊದಲು ಹಳದಿ ಬಸ್ಸುಗಳು ಬಂದು ಮಕ್ಕಳನ್ನು ಕರೆದೊಯ್ದವು. ನಂತರದ ಚುನಾವಣೆಯಲ್ಲಿ ಗೆದ್ದ ಪಕ್ಷ ಬಸ್ಸಿನ ಹಣವನ್ನು ನಿಲ್ಲಿಸಿತು. ಹೋಗುವ ದಾರಿ ಬೆಟ್ಟದ ಮೇಲಿನದು. ತಂದೆತಾಯಿಗಳ ಕೆಲಸ ಪಾಳಿಯದು. ಕಾರಿದ್ದವರ ಮಕ್ಕಳು ಹೋದರು. ಇಲ್ಲದವರ ಮಕ್ಕಳು ವಾರಕ್ಕೆರಡು ದಿನ, ಆಮೇಲೆ ಒಂದು ದಿನ, ಆಮೇಲೆ ಮನೆಯಲ್ಲಿ. ಲೊರೆಟ್ಟಾ ಸಾಕುತ್ತಿದ್ದ ಮೊಮ್ಮಗಳು ಟ್ವೈಲಾ ಹಾಗೆ ಮನೆಯಲ್ಲುಳಿದವಳು. ಲೆಕ್ಕದಲ್ಲಿ ಇಡೀ ತರಗತಿಗೆ ಮುಂದಿದ್ದ ಹುಡುಗಿ.

ಮೊದಲ ಗೆಲುವಾಗಿ ಹದಿನೈದು ವರ್ಷಗಳ ಮೇಲೆ ಎರಡನೆಯ ಮೊಕದ್ದಮೆ ಹೂಡಿದೆವು. ವಾದ ಕೇಳುವ ಮೊದಲೇ ನಮ್ಮೂರ ಪೆಟ್ರೋಲು ಬಂಕಿನವನು “ಐದು ಎರಡು, ಸೋಲ್ತೀರಿ ವಕೀಲರೇ” ಎಂದ. ಯಾವ ರಾಜ್ಯಪಾಲರು ಯಾರನ್ನು ಕೂರಿಸಿದ್ದಾರೆ ಎಂಬುದನ್ನು ಪತ್ರಿಕೆಯಲ್ಲಿ ಓದಿದವರಿಗೆ ಅಷ್ಟು ಹೇಳಲು ಕಾನೂನು ಬೇಕಾಗಿರಲಿಲ್ಲ. ಟೀಗ್ ಅವರು ಬಿಟ್ಟುಹೋದ ಕುರ್ಚಿಯಲ್ಲಿ ಆಗ ಕೂತಿದ್ದವರು ನ್ಯಾ. ಪೆರಿನ್ ಗ್ಯಾಲೋವೇ.

ಪ್ರೊ. ವೆಸ್ಟರ್‌ಗಾರ್ಡ್ ಈ ಸಲ ತಮ್ಮ ನಿಜವಾದ ನಂಬಿಕೆಯನ್ನೇ ಮುಂದಿಟ್ಟು ವಾದಿಸಿದರು. ಅಷ್ಟು ಚೆನ್ನಾಗಿ ಅವರು ಹಿಂದೆಂದೂ ವಾದಿಸಿರಲಿಲ್ಲ. ಗ್ಯಾಲೋವೇ ಅವರು ಬಹಳ ಗೌರವದಿಂದ ಕೇಳಿಸಿಕೊಂಡರು.

“ಸಂವಿಧಾನ ಬರೆದ ಕಾಲದಲ್ಲಿ ಮಕ್ಕಳು ಶಾಲೆಗೆ ಹೇಗೆ ಹೋಗ್ತಾ ಇದ್ರು, ಪ್ರೊಫೆಸರ್?”

“ನಡ್ಕೊಂಡು, ಮಹಾಸ್ವಾಮಿ. ಆಗ ಶಾಲೆ ಹೊಲದಾಚೆ ಇತ್ತು. ಈಗ ಬೆಟ್ಟದಾಚೆ ಇದೆ. ಅಲ್ಲಿಗೆ ಎತ್ತಿಕೊಂಡು ಹೋಗಿದ್ದು ರಾಜ್ಯ.”

“ಹತ್ತಿರದಲ್ಲೇ ಇರಬೇಕು ಅಂತ ಬರೆದಿದ್ದಾರಾ?”

“ಬರೆದಿಲ್ಲ.”

“ವಾಹನ ಕೊಡಬೇಕು ಅಂತ?”

“ವಾಹನ ಬರೆದಿಲ್ಲ. ಎಲ್ಲ ಮಕ್ಕಳಿಗೂ ಅಂತ ಬರೆದಿದ್ದಾರೆ.”

“ಧನ್ಯವಾದ. ನನ್ನ ಪ್ರಶ್ನೆ ಮುಗೀತು.”

ಐದು ಎರಡು, ಸೋತೆವು. ಸಂವಿಧಾನ ಬರೆದವರು ಮಕ್ಕಳನ್ನು ಶಾಲೆಗೆ ಒಯ್ಯುವುದನ್ನು ಶಾಲೆಯ ಭಾಗವೆಂದು ತಿಳಿದಿರಲಿಲ್ಲ. ಆದುದರಿಂದ ರಾಜ್ಯ ಅದನ್ನು ಕೊಡಬೇಕಾಗಿಲ್ಲ. ಇದಕ್ಕೆ ಆಧಾರವಾಗಿ ತೀರ್ಪು ಬರೆದ ಗ್ಯಾಲೋವೇ ಉಲ್ಲೇಖಿಸಿದ್ದು ನಮ್ಮ ಮೊದಲ ಗೆಲುವನ್ನೇ, ಅದರೊಳಗಿನ ಪ್ರೊ. ವೆಸ್ಟರ್‌ಗಾರ್ಡ್ ಅವರದೇ ವಾಕ್ಯವನ್ನೇ. ಗ್ಯಾಲೋವೇ ಅವರು ಮೋಸ ಮಾಡಲಿಲ್ಲ. ಕಲಿತದ್ದನ್ನು ಕಲಿತ ಹಾಗೆ ಮಾಡಿದರು. ಈ ಸಂಪುಟದಲ್ಲಿ ಅವರ ಲೇಖನವೂ ಇದೆ, ಗುರುಗಳ ಶಿಸ್ತನ್ನು ಹೃದಯ ತುಂಬಿ ಹೊಗಳಿದ್ದಾರೆ. ಬಸ್ಸಿನ ವಿಷಯ ಅದರಲ್ಲಿಲ್ಲ.

ನ್ಯಾಯಾಲಯದ ಹೊರಗೆ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಲೊರೆಟ್ಟಾ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಹೇಳಿದಳು: “ಅವತ್ತು ಅವರ ಹಾಡು ಹಾಡಿ ಅಂತ ಗಂಟುಬಿದ್ದಿದ್ದು ನಾನೇ.”

“ನಿಮಗೆ ಸೂರು ಬೇಕಿತ್ತು, ಕೇಳಿದ್ರಿ. ಹಾಡಿದ್ದು ನಾನು. ಅದನ್ನ ನಿಮ್ಮ ತಲೆ ಮೇಲೆ ಹೊತ್ಕೋಬೇಡಿ” ಎಂದರು ಪ್ರೊ. ವೆಸ್ಟರ್‌ಗಾರ್ಡ್.

“ನಾನು ಹೊತ್ಕೊಳ್ಳಲ್ಲ ಬಿಡಿ. ಟ್ವೈಲಾ ಹೊತ್ಕೊಂಡಿದ್ದಾಳೆ. ವೃದ್ಧಾಶ್ರಮದ ಅಡುಗೆಮನೇಲಿ ಕೆಲಸಕ್ಕೆ ಸೇರಿದ್ಲು, ಸೋಮವಾರದಿಂದ.”

ಬೇಲಿ ಜಗಳದಲ್ಲಿ ಎರಡು ಕಡೆಯವರು ಎಷ್ಟೇ ಕೂಗಾಡಲಿ, ಎಲ್ಲೆಯ ಕಲ್ಲು ನೆಟ್ಟ ಜಾಗದಲ್ಲೇ ಇರುತ್ತದೆ. ನಾನು ಹೋಗಿ ಹುಲ್ಲು ಸರಿಸಿ ತೋರಿಸುತ್ತೇನೆ. ಸಂವಿಧಾನಕ್ಕೂ ಅಂಥದೊಂದು ಕಲ್ಲಿದೆ ಎಂದು ಇವರ ಮಾತು ಕೇಳಿ ನಾನು ನಂಬಿದ್ದೆ. ಚುನಾವಣೆ ಗೆದ್ದವರು ಅದನ್ನು ಹಗಲಿನಲ್ಲೇ ಎತ್ತಿ ಬೇಕಾದಲ್ಲಿ ನೆಡುತ್ತಾರೆ, ನೆಡುವಾಗ ನಮ್ಮದೇ ಗುದ್ದಲಿ ಬಳಸುತ್ತಾರೆ ಎಂದು ಈಗ ಗೊತ್ತಾಗಿದೆ. ಇದಕ್ಕೆ ಸಮಾಧಾನ ನನ್ನ ಬಳಿಯಿಲ್ಲ. ಪ್ರೊ. ವೆಸ್ಟರ್‌ಗಾರ್ಡ್ ಅವರ ಕೊನೆಯ ವರ್ಷದ ತರಗತಿಯಲ್ಲಿ ಒಬ್ಬಳು ವಿದ್ಯಾರ್ಥಿನಿ ನೇರವಾಗಿ ಕೇಳಿದಳಂತೆ: “ಮತ ಎಷ್ಟು ಬೀಳುತ್ತೆ ಅಂತ ಮೊದಲೇ ಗೊತ್ತಿದ್ರೆ ವಾದ ಯಾಕೆ ಕಲೀಬೇಕು, ಮೇಡಂ?” ಅದಕ್ಕೆ, ಮತ ಬದಲಾದರೂ ಕೊಟ್ಟ ಮಾತು ಬದಲಾಗದು ಎಂದು ಪ್ರತಿವರ್ಷ ಅವರು ಕೊಡುತ್ತಿದ್ದ ಉತ್ತರ ಬಹಳ ಪ್ರಸಿದ್ಧವಾದದ್ದು. ಈ ಸಲ, “ಉತ್ತರ ಇತ್ತು. ಈಗ ಹೇಳಿದ್ರೆ ಸುಳ್ಳು ಹೇಳಿದ ಹಾಗಾಗುತ್ತೆ” ಎಂದು ಮುಂದಿನ ಪಾಠಕ್ಕೆ ಹೋದರಂತೆ. ಇನ್ನೂ ಐದು ವರ್ಷ ಕಲಿಸಬಹುದಾಗಿದ್ದವರು ಆ ವಾರವೇ ನಿವೃತ್ತಿ ಕೇಳಿದರು.

ಸೋತ ಮೊಕದ್ದಮೆಯಲ್ಲಿ ಇಬ್ಬರು ನ್ಯಾಯಮೂರ್ತಿಗಳು ಬರೆದ ಭಿನ್ನಮತ ಪುಸ್ತಕದಲ್ಲಿ ಅಚ್ಚಾಗಿದೆ. ಪ್ರೊ. ವೆಸ್ಟರ್‌ಗಾರ್ಡ್ ಅವರು ನಂಬಿದ್ದೆಲ್ಲ ಅದರಲ್ಲಿದೆ. ಅದು ಬಹುಮತವಾಗಬೇಕಾದರೆ ಎರಡು ಕುರ್ಚಿಗಳು ಬದಲಾಗಬೇಕು, ಅದಕ್ಕೆ ಎರಡೋ ಮೂರೋ ಚುನಾವಣೆ ಬೇಕು. ಕಳೆದ ತಿಂಗಳು ಅವರ ಮನೆಗೆ ಹೋಗಿ, ಆ ಕಾಲ ಬಂದಾಗ ಹೂಡಲು ಮೂರನೆಯ ಮೊಕದ್ದಮೆಯ ಕಾಗದಪತ್ರಗಳನ್ನು ಈಗಲೇ ಸಿದ್ಧಮಾಡೋಣವೇ ಎಂದೆ.

“ಮಾಡೋಣ. ಆದ್ರೆ ಈಗಿನ ಮಕ್ಕಳ ಹೆಸರು ಬರ್ಕೋಬೇಡ, ಎಮೆಟ್. ಅಷ್ಟು ಹೊತ್ತಿಗೆ ಅವರ ಶಾಲೆ ವಯಸ್ಸು ಮುಗಿದಿರುತ್ತೆ. ಇನ್ನೂ ಹುಟ್ಟದವರ ಹೆಸರಿಗೆ ಜಾಗ ಬಿಡು.”

ಹೀಗೆ ಜಾಗ ಬಿಟ್ಟ ಅರ್ಜಿಯೊಂದು ಅವರ ಮೇಜಿನ ಮೇಲೆ ಸಿದ್ಧವಾಗುತ್ತಿದೆ. ಅವರ ಕೈ ನಡುಗದಿರಲಿ, ಕಣ್ಣು ಮಂಜಾಗದಿರಲಿ. ಯಾರೆಂದು ನಮಗಿನ್ನೂ ಗೊತ್ತಿಲ್ಲದ ಆ ಮಕ್ಕಳು ಹುಟ್ಟಿ, ಬೆಳೆದು, ಬಸ್ಸು ಹತ್ತುವ ಬೆಳಗಿನವರೆಗೂ ಪ್ರೊ. ವೆಸ್ಟರ್‌ಗಾರ್ಡ್ ಅವರು ಬದುಕಿರಲಿ.