ತುಟಿ ನೋಡಿ

ರಾಟರ್‌ಡ್ಯಾಮಿನಲ್ಲಿ ನನ್ನ ಸೈಕಲ್ ರಿಪೇರಿ ಮಾಡುತ್ತಿದ್ದ ಕುರ್ದಿಷ್ ಮೆಕ್ಯಾನಿಕ್‌ಗೆ ಭಾಷೆಯ ವಿಷಯ ಬಂದರೆ ಪಂಕ್ಚರ್ ಮರೆತೇ ಹೋಗುತ್ತಿತ್ತು. "ತುಟಿ ನೋಡಿ," ಎಂದು ಒಂದೂವರೆ ಮೀಟರ್ ಹಿಂದೆ ಸರಿದು ಮಾಸ್ಕ್ ಇಳಿಸುತ್ತಿದ್ದರು. ನೀರಿಗೆ ಅವರ ಕುರ್ಮಾಂಜಿ ಉಪಭಾಷೆಯಲ್ಲಿ 'ಆವ್'. ಹಲ್ಲು ಕೆಳತುಟಿಗೆ ತಾಗಬೇಕು. ಹೆಂಡತಿಯ ಸೊರಾನಿ ಉಪಭಾಷೆಯಲ್ಲೂ 'ಆವ್'. ಆದರೆ ತುಟಿ ದುಂಡಗಾಗಬೇಕು. ಒಂದೇ 'ವ' ಇರುವ ನನ್ನ ಕನ್ನಡದ ಕಿವಿಗೆ ಎರಡೂ ಒಂದೇ.

"ಹೀಬ್ರೂನಲ್ಲಿ ಆವ್ ಅಂದ್ರೆ ಅಪ್ಪ," ಎಂದರು ಒಮ್ಮೆ.

"ನಿಮಗೆ ಹೇಗೆ ಗೊತ್ತು?"

ಕೋವಿಡ್ ವಾರ್ಡಿನಲ್ಲಿದ್ದ ಅವರ ತಾಯಿ 'ಆವ್, ಆವ್' ಎನ್ನುತ್ತಿದ್ದರಂತೆ. ಹೀಬ್ರೂ ಕಲಿತಿದ್ದ ನರ್ಸ್ ಇವರಿಗೆ ಫೋನ್ ಮಾಡಿ, ತಾಯಿ ಅಪ್ಪನನ್ನು ಕರೆಯುತ್ತಿದ್ದಾರೆ ಎಂದಳಂತೆ.

"ನೀರು ಕೊಡಿ ಅಂದೆ. ಕುಡಿದ್ಮೇಲೂ ಅದನ್ನೇ ಅಂತಿದ್ರಂತೆ."

ತಿರುಗುತ್ತಿದ್ದ ಚಕ್ರವನ್ನು ಕೈಯಿಂದ ನಿಲ್ಲಿಸಿದರು.

"ನಮ್ಮಲ್ಲಿ ಅಪ್ಪನಿಗೆ ಬಾವ್ ಅಂತೀವಿ. ಆಕ್ಸಿಜನ್ ಮಾಸ್ಕ್ ಇತ್ತಲ್ಲ, ತುಟಿ ಯಾರು ನೋಡಿದ್ರು?"