ಪಾದ್ರಿಯ ಸಿನಿಮಾಕ್ಕೆ ಊದುಬತ್ತಿ

ಟಿವಿಯಲ್ಲಿ ಕಂಡ ಸಿನಿಮಾ ಪೋಸ್ಟರಿನಲ್ಲಿ ಚರ್ಚಿತ್ತು, ಮೇಣದ ಬತ್ತಿಯಿತ್ತು, ಬಿಳಿ ನಿಲುವಂಗಿ ತೊಟ್ಟ ಪಾದ್ರಿಯೊಬ್ಬ ಕಣ್ಣು ಮುಚ್ಚಿ ನಿಂತಿದ್ದ. ಇನ್ನೇನು ಬೇಕು? ಇದು ಭಕ್ತಿ ಚಿತ್ರವೆಂದು ನಾನೇ ತೀರ್ಮಾನ ಮಾಡಿಬಿಟ್ಟೆ. ಕೆಳಗೆ, ಇಡೀ ದೇಶವನ್ನೇ ಅಲುಗಾಡಿಸಿದ ಚಿತ್ರ ಎಂದು ಬೇರೆ ಬರೆದಿತ್ತು. ನಮ್ಮ ಕಡೆ ಭಕ್ತಿ ಚಿತ್ರಗಳು ಇಪ್ಪತ್ತೈದು ವಾರ ಓಡುತ್ತಿರಲಿಲ್ಲವೇ, ಅಂಥದ್ದೇ ಇರಬೇಕೆಂದುಕೊಂಡೆ. ಮುಂದಕ್ಕೆ ಓದುವ ತಾಳ್ಮೆ ನನಗೆ ಹುಟ್ಟಿನಿಂದಲೇ ಇಲ್ಲ.

ಇಷ್ಟೆಲ್ಲ ಅತ್ತೆಯ ಗೆಳತಿಗಾಗಿ. ಆರು ತಿಂಗಳಿಗೆಂದು ಧಾರವಾಡದಿಂದ ಅಮೆರಿಕದ ನಾರ್ತ್ ಕ್ರೀಕಿನ ನಮ್ಮ ಮನೆಗೆ ಬಂದ ಅತ್ತೆಗೆ ಮೊದಲ ತಿಂಗಳೇ ಬೇಸರ ಹಿಡಿದು, ಟಿಕೆಟ್ ಬದಲಿಸಿ ಎಂದು ಹಟ ಹಿಡಿದಿದ್ದರು. ಆಗ ಸಿಕ್ಕವರು ಪಕ್ಕದ ಮನೆಯ ಮೆಕ್ಸಿಕೋದ ಹೆಂಗಸು. ಇವರಿಗೆ ಇಂಗ್ಲಿಷ್ ಬಾರದು, ಅವರಿಗೆ ಕನ್ನಡ ಬಾರದು. ಆದರೂ ದಿನಾ ಸಂಜೆ ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲೇ ಮಂಡಿನೋವಿನ ಸುದ್ದಿ ಹೇಳಿಕೊಳ್ಳುತ್ತಾ ವಾಕಿಂಗ್ ಹೋಗುತ್ತಿದ್ದರು. ಟಿಕೆಟ್ಟಿನ ಮಾತು ನಿಂತಿತ್ತು. ಆ ಮಹಾತಾಯಿ ಒಂದು ಭಾನುವಾರವೂ ಚರ್ಚು ತಪ್ಪಿಸುವವರಲ್ಲ. ಅವರ ಸ್ಪ್ಯಾನಿಷ್ ಭಾಷೆಯ, ಅವರ ದೇವರ ಸಿನಿಮಾ ತೋರಿಸಿ ಖುಷಿಪಡಿಸೋಣವೆಂದು ಹೊರಟವಳು ನಾನು.

ಶನಿವಾರ ಮಧ್ಯಾಹ್ನ ಗೆಳತಿ ಬರುವಷ್ಟರಲ್ಲಿ ಅತ್ತೆ ಮಂಡಕ್ಕಿಯ ಗಿರಮಿಟ್ ಕಲಸಿದರು. ದೇವರ ಸಿನಿಮಾ ಅಂದಮೇಲೆ ಅವರು ಸುಮ್ಮನಿರುತ್ತಾರೆಯೇ? ಟಿವಿಗೆ ಎರಡು ಹೂವು ಏರಿಸಿ ಊದುಬತ್ತಿ ಹಚ್ಚಿದರು. ಸಿನಿಮಾದ ಹೆಸರು ಬಂದಾಗ ಗೆಳತಿ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡರು. ಆಹಾ, ಎಂಥ ಭಕ್ತಿ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಪಾದ್ರಿ ಕಾಣಿಸಿಕೊಂಡ ಕೂಡಲೇ ಅತ್ತೆ ತಲೆಯ ಮೇಲೆ ಸೆರಗು ಎಳೆದುಕೊಂಡು ಕೈ ಮುಗಿದರು.

“ಅವರ ಸ್ವಾಮಿಗಳು ಬಂದ್ರು. ಕಾಲು ಕೆಳಗ ಬಿಡವಾ,” ಎಂದು ನನ್ನನ್ನು ಗದರಿದರು.

ಅರ್ಧ ಗಂಟೆಯಲ್ಲಿ ಸ್ವಾಮಿಗಳು, ಚರ್ಚಿಗೆ ಹೂವು ತರುವ ಯುವತಿಯ ಕೈ ಹಿಡಿದರು. ಆಶೀರ್ವಾದವೆಂದುಕೊಂಡೆ. ಆಮೇಲೆ ತುಟಿಗೆ ತುಟಿ ಸೇರಿಸಿದರು. ಅದು ಆಶೀರ್ವಾದವಾಗಿರಲಿಲ್ಲ. ಅತ್ತೆಯ ಕೈ ಇನ್ನೂ ಮುಗಿದೇ ಇತ್ತು.

ರಿಮೋಟಿನ ಮೇಲೆ ಅತ್ತೆ ಕೂತಿದ್ದರು.

“ಅತ್ತೆ, ಸ್ವಲ್ಪ ಎದ್ದೇಳಿ!”

“ಸುಮ್ನ ಕುಂದರು. ಏನಾಗ್ತೈತಿ ನೋಡೂಣು.”

ಕೊನೆಗೆ ಓಡಿಹೋಗಿ ಪ್ಲಗ್ಗನ್ನೇ ಕಿತ್ತೆ. ಗೆಳತಿ ಎದ್ದು ನಿಂತಿದ್ದರು, ಮುಖ ಕೆಂಪಾಗಿತ್ತು. ಅತ್ತೆಗೆ ಈ ಊರಲ್ಲಿದ್ದ ಒಬ್ಬಳೇ ಒಬ್ಬ ಗೆಳತಿಯನ್ನು ನನ್ನ ಕೈಯಾರೆ ಓಡಿಸಿಬಿಟ್ಟೆನಲ್ಲ ಎಂದು ಅಳುವೇ ಬಂತು. ನಂಗೆ ನಿಜವಾಗ್ಲೂ ಗೊತ್ತಿರಲಿಲ್ಲ ಎಂದು ಇಂಗ್ಲಿಷಿನಲ್ಲಿ ಬಡಬಡಿಸಿದೆ.

“ಹೆಸರು ನೋಡಿದಾಗಲೇ ನನಗೆ ಗೊತ್ತಾಯ್ತು,” ಎಂದು ಅವರು ಇಂಗ್ಲಿಷಿನಲ್ಲೇ ಹೇಳಿದರು. “ಇದು ಬಿಡುಗಡೆಯಾದಾಗ ಮೂರು ದಿನ ಥಿಯೇಟರಿನ ಮುಂದೆ ಬೋರ್ಡು ಹಿಡಿದು ನಿಂತಿದ್ದೆ. ಯಾರೂ ನೋಡಬೇಡಿ ಅಂತ ಗಂಟಲು ಹರಿಯೋ ಹಾಗೆ ಕೂಗಿದೆ. ನನ್ನ ತಂಗಿ ಕದ್ದು ನೋಡಿಬಂದಳು. ಅವಳ ಜೊತೆ ಒಂದು ವರ್ಷ ಮಾತು ಬಿಟ್ಟೆ. ಆದರೆ ಇದರಲ್ಲಿ ಏನಿದೆ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ.”

ಅದನ್ನೆಲ್ಲ ಅತ್ತೆಗೆ ಕನ್ನಡದಲ್ಲಿ ಹೇಳಿದೆ.

“ಇಷ್ಟಕ್ಕ ಹೆದರೂದೇನು? ನಮ್ಮ ಕಡೆ ಮಠದಾಗೂ ಇಂಥಾವು ಕೇಳೇವಿ. ದೇವರೇನು ಎದ್ದು ಓಡಿ ಹೋದನೇನು? ಹಚ್ಚು, ಟಿವಿ ಹಚ್ಚು!”

ಗೆಳತಿಯೂ ಪ್ಲಗ್ಗಿನ ಕಡೆ ಕೈ ತೋರಿಸಿ ಕೂತರು. ಕೊನೆಯವರೆಗೂ ನೋಡಿದೆವು. ಆ ಯುವತಿಯ ಗತಿ ಕಂಡು ಇಬ್ಬರೂ ಬಿಕ್ಕಿ ಬಿಕ್ಕಿ ಅತ್ತರು, ಒಂದೇ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಆಮೇಲೆ ಗೆಳತಿ ತಂಗಿಗೆ ವಿಡಿಯೋ ಕಾಲ್ ಮಾಡಿ ಸ್ಪ್ಯಾನಿಷಿನಲ್ಲಿ ಒಂದೇ ಒಂದು ವಾಕ್ಯ ಹೇಳಿದರು. ಆ ಕಡೆ ತಂಗಿ ನಂಬಲೊಲ್ಲೆ ಎಂಬಂತೆ ತಲೆಯಾಡಿಸುತ್ತಾ ನಗತೊಡಗಿದಳು.

ಅತ್ತೆ ಫೋನ್ ಕಿತ್ತುಕೊಂಡು ಮುಖದ ಹತ್ತಿರ ಹಿಡಿದು, ಗಟ್ಟಿಯಾಗಿ ಕನ್ನಡದಲ್ಲೇ ಹೇಳಿದರು: “ಖರೇನ ನೋಡ್ಯಾಳವಾ ನಿಮ್ಮಕ್ಕ, ಪೂರಾ ನೋಡ್ಯಾಳ. ನಾ ಬಾಜೂಕ ಕುಂತಿದ್ದೆ.”