ಪಂಪು ನಿಂತ ಬೆಳಗು

ಕುಂದಾಪುರದ ಮಹಾಬಲ ಎಲೆಕ್ಟ್ರಿಷಿಯನ್ ಆಗಿ ಬಹರೈನಿಗೆ ಬಂದು ಆರು ವರ್ಷ ಕಳೆದರೂ ನೆಮ್ಮದಿಯಿಂದ ಕೂತು ಒಂದು ಶ್ಲೋಕ ಓದಿರಲಿಲ್ಲ. ಹೂರಾ ಬಡಾವಣೆಯ ಅವನ ಕೋಣೆಯಲ್ಲಿ ಏಳು ಮಂದಿ, ಸದಾ ಟಿವಿಯ ಗಲಾಟೆ. 2009ರ ಒಂದು ಶುಕ್ರವಾರ ಬೆಳಿಗ್ಗೆ ಬುದೈಯಾದ ಖರ್ಜೂರದ ತೋಟಕ್ಕೆ ನೀರಿನ ಪಂಪು ರಿಪೇರಿಗೆ ಹೋದ. ಕೆಲಸ ಮುಗಿಸಿ, ಕೈಕಾಲು ತೊಳೆದು, ವ್ಯಾನು ಬರುವ ತನಕ ಓದೋಣವೆಂದು ಮರದ ಬುಡದಲ್ಲಿ ಕೂತು ಅಮ್ಮ ಕೊಟ್ಟಿದ್ದ ಪಾರಾಯಣದ ಪುಸ್ತಕ ತೆರೆದ.

ತೋಟದ ಯಜಮಾನ, ಮುದುಕ ಅಬು ಜಾಸಿಂ ಬರುವುದು ಕಂಡು ಮಹಾಬಲ ಗಾಬರಿಯಿಂದ ಎದ್ದು ನಿಂತ.

“ಏನದು?” ಮುದುಕ ಹರುಕುಮುರುಕು ಹಿಂದಿಯಲ್ಲಿ ಕೇಳಿದ.

“ದೇವರ ಕಿತಾಬ್, ಬಾಬಾ.”

“ಬೈಠೋ, ಬೈಠೋ,” ಎಂದವನೇ ಮುದುಕ ಹೋಗಿ, ಗಡಗಡ ಓಡುತ್ತಿದ್ದ ಪಂಪನ್ನು ನಿಲ್ಲಿಸಿದ. “ನೀರು ಆಮೇಲೆ ಬಿಟ್ಟರಾಯಿತು. ನೀನು ಓದು.”

ಪಾರಿವಾಳಗಳ ಗುಟುರು ಬಿಟ್ಟರೆ ತೋಟವಿಡೀ ನಿಶ್ಶಬ್ದವಾಯಿತು. ಎಲ್ಲರ ಎದೆಯೊಳಗೂ ಇರುವವನು ಒಬ್ಬನೇ ಎನ್ನುವ ಶ್ಲೋಕ ಮಹಾಬಲನಿಗೆ ಚಿಕ್ಕಂದಿನಿಂದ ಬಾಯಿಪಾಠ. ಅಂದು ಅದನ್ನು ಮೂರು ಸಲ ಓದಿ, ಅರ್ಥವನ್ನೇ ನೆನೆಯುತ್ತ ಕೂತ. ಕಣ್ಣು ತುಂಬಿ ಬಂತು.

“ಪ್ರತಿ ಜುಮ್ಮಾ ಬಾ,” ಎಂದು ಮುದುಕ ಬೀಳ್ಕೊಟ್ಟ.

ಸಂಜೆ ಊರಿಗೆ ಫೋನು ಮಾಡಿದ ಮಹಾಬಲ, “ಅಮ್ಮಾ, ಓದುಕೆ ಒಂದ್ ಜಾಗ ಸಿಕ್ತ್,” ಎಂದ. ಕೆಲಸ ಬಿಟ್ಟು ಊರಿಗೆ ಮರಳುವವರೆಗೂ ಅವನು ಒಂದು ಶುಕ್ರವಾರವನ್ನೂ ತಪ್ಪಿಸಲಿಲ್ಲ.